ಜಪಾನೀಸ್‌ನಲ್ಲಿ ಹಾಡು, ಸಂಗೀತದ ಮಾತು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬೆಂಗಳೂರಿನಲ್ಲಿ ಶನಿವಾರ ಮಧ್ಯಾಹ್ನ ಒಂದಷ್ಟು ಜನಕ್ಕೆ ಜಪಾನೀಸ್ ಹೇಳಿಕೊಡುತ್ತೇನೆ. ಪಾಠ ಮುಗಿದು ಕಾಫಿ ಹಿಡಿದು ನಿಂತಾಗ ಮಾತು ಬಹಳ ಸಲ ಹಾಡಿನ ಕಡೆಗೇ ತಿರುಗುತ್ತದೆ. ಅಲ್ಲಿ ಕೇಳಿದ್ದು, ಮೆಸೇಜಿನಲ್ಲಿ ಮತ್ತು ಪತ್ರದಲ್ಲಿ ಬಂದದ್ದು ಎಲ್ಲ ಸೇರಿಸಿ ಇಲ್ಲಿ ಬರೆದಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ಉತ್ತರಗಳಲ್ಲಿ ಇಂಗ್ಲಿಷನ್ನು ನಡುವೆ ತರದೆ ಕನ್ನಡದಿಂದ ನೇರವಾಗಿ ಜಪಾನೀಸ್‌ಗೆ ಹೋಗಿದ್ದೇನೆ. ಸಂಗೀತದ ವಿಷಯದಲ್ಲಿ ಆ ದಾರಿ ನಿಜಕ್ಕೂ ಹತ್ತಿರದ್ದು.

ಜಪಾನೀಸ್ ಪದಗಳನ್ನು ಉಚ್ಚಾರಕ್ಕೆ ತಕ್ಕಂತೆ ಬರೆದಿದ್ದೇನೆ. ಹ್ರಸ್ವವನ್ನು ಹ್ರಸ್ವವಾಗಿ, ದೀರ್ಘವನ್ನು ದೀರ್ಘವಾಗಿ ಓದಿ.

## ಈಗಷ್ಟೇ ಶುರು ಮಾಡಿದವರಿಗೆ

ಜಪಾನೀಸ್ ಹಾಡು ಕೇಳಿ ಕೇಳಿ ಇಷ್ಟ ಆಗ್ಬಿಟ್ಟಿದೆ. ಅದರ ಬಗ್ಗೆ ಮಾತಾಡೋಕೆ ಮೊದಲು ಯಾವ ಪದ ಕಲೀಬೇಕು?

ಏಳೆಂಟು ಪದ ಸಾಕು. ಸಂಗೀತಕ್ಕೆ ಒಂಗಕು. ಅದನ್ನು ಎರಡು ಕಂಜಿಯಲ್ಲಿ, ಅಂದರೆ ಅರ್ಥವನ್ನೇ ಸೂಚಿಸುವ ಅಕ್ಷರದಲ್ಲಿ ಬರೆಯುತ್ತಾರೆ. ಮೊದಲನೆಯದು ಸದ್ದು, ಎರಡನೆಯದು ಖುಷಿ. ಹಾಡು ಉತ, ಹಾಡುವುದು ಉತಉ, ದನಿ ಕೊಎ, ಹಾಡುವವರು ಕಶು, ಹಾಡಿನ ಸಾಹಿತ್ಯ ಕಶಿ.

ಕೇಳುವುದಕ್ಕೆ ಕಿಕು. ಇದು ನಮಗೆ ಸಿಕ್ಕ ಉಡುಗೊರೆ ಅಂತಲೇ ಹೇಳಬೇಕು. ಕನ್ನಡದಲ್ಲಿ ಹಾಡನ್ನೂ ಕೇಳುತ್ತೇವೆ, ದಾರಿಯನ್ನೂ ಕೇಳುತ್ತೇವೆ. ಜಪಾನೀಸ್‌ನಲ್ಲೂ ಹಾಗೇ: ಹಾಡು ಕೇಳುವುದೂ ಕಿಕು, ಪ್ರಶ್ನೆ ಕೇಳುವುದೂ ಕಿಕು. ಬರೆಯುವಾಗ ಮಾತ್ರ ವ್ಯತ್ಯಾಸ. ಕಿವಿಗೆ ಬಿದ್ದದ್ದಕ್ಕೂ ಪ್ರಶ್ನೆ ಕೇಳುವುದಕ್ಕೂ ಒಂದು ಕಂಜಿ, ಮನಸ್ಸಿಟ್ಟು ಸಂಗೀತ ಕೇಳುವುದಕ್ಕೆ ಇನ್ನೊಂದು.

ಇನ್ನೊಂದು ಪದ ಕ್ಯೊಕು. ಉತ ಅಂದರೆ ಬಾಯಲ್ಲಿ ಹಾಡುವಂಥದ್ದು. ಕ್ಯೊಕು ಅಂದರೆ ಒಂದು ರಚನೆ, ಅದಕ್ಕೆ ಸಾಹಿತ್ಯ ಇರಲಿ ಬಿಡಲಿ. ಬರೀ ಪಿಯಾನೊ ನುಡಿಸಿದರೂ ಅದು ಕ್ಯೊಕು. ಹಾಡುಗಳನ್ನು ಎಣಿಸುವುದೂ ಇದರಿಂದಲೇ: ಇಕ್ಕ್ಯೊಕು, ನಿಕ್ಯೊಕು, ಸಂಕ್ಯೊಕು. ಒಂದು, ಎರಡು, ಮೂರು ಹಾಡು.

ಲಿಪಿ ಇನ್ನೂ ಬರಲ್ಲ. ಕನ್ನಡದಲ್ಲೇ ಬರ್ಕೊಂಡು ಕಲಿಯಬಹುದಾ?

ಮೊದಲ ಕೆಲವು ವಾರ ಖಂಡಿತ ಬರೆದುಕೊಳ್ಳಿ. ಹ್ರಸ್ವ-ದೀರ್ಘ ಮತ್ತು ಒತ್ತಕ್ಷರ, ಇವೆರಡೂ ಜಪಾನೀಸ್‌ನಲ್ಲಿ ಅರ್ಥವನ್ನೇ ಬದಲಿಸುತ್ತವೆ. ಎರಡನ್ನೂ ಕನ್ನಡ ಲಿಪಿ ಸಲೀಸಾಗಿ ಹಿಡಿಯುತ್ತದೆ. ಒತೊ ಅಂದರೆ ಸದ್ದು. ಒತ್ತೊ ಅಂದರೆ ಗಂಡ. ‘ಒತೊ ಗ ಓಕೀ’ ಅಂದರೆ ಸದ್ದು ಜೋರಾಗಿದೆ. ಒತ್ತು ಕೊಟ್ಟರೆ ಗಂಡ ದೊಡ್ಡ ಗಾತ್ರದವನು ಅಂತಾಗುತ್ತದೆ. ‘ಹತಿ’ಗೂ ‘ಹತ್ತಿ’ಗೂ ಇರುವ ವ್ಯತ್ಯಾಸ ಕೇಳಿ ಬೆಳೆದ ಕಿವಿ ನಮ್ಮದು. ಇಲ್ಲಿ ತಡವರಿಸಬೇಕಾಗಿಲ್ಲ.

ಆದರೆ ಕನ್ನಡದಲ್ಲೇ ನಿಂತುಬಿಡಬೇಡಿ. ಉಚ್ಚಾರವನ್ನು ಬರೆಯುವ ಜಪಾನಿ ಲಿಪಿ ಹಿರಗನದಲ್ಲಿ ಮೂಲ ಅಕ್ಷರ 46 ಮಾತ್ರ. ಹಾಡಿನ ಸಾಲುಗಳನ್ನು ಬೆರಳಿಟ್ಟು ಹಿಂಬಾಲಿಸುತ್ತಾ ಹೋದರೆ ಬೇಗ ಕೂರುತ್ತದೆ.

‘ನನಗೆ ಸಂಗೀತ ಇಷ್ಟ’ ಅನ್ನೋಕೆ ‘ಒ’ ಹಾಕ್ಬೇಕಾ, ‘ಗ’ ಹಾಕ್ಬೇಕಾ? ಪ್ರತಿ ಸಲ ತಪ್ಪುತ್ತೆ.

‘ಒ’ ಅನ್ನುವುದು ನಮ್ಮ ‘ಅನ್ನು’ ಇದ್ದ ಹಾಗೆ, ಪದದ ಕೊನೆಗೆ ಸೇರುವ ಪ್ರತ್ಯಯ. ‘ಗ’ ಕೂಡ ಹಾಗೇ ಸೇರುವಂಥದ್ದು. ಇಂಗ್ಲಿಷ್ ವಾಕ್ಯವನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ತಪ್ಪುತ್ತದೆ. ಕನ್ನಡ ವಾಕ್ಯ ಇಟ್ಟುಕೊಳ್ಳಿ. ‘ನನಗೆ ಸಂಗೀತ ಇಷ್ಟ’ ಅನ್ನುತ್ತೇವೆ, ‘ಸಂಗೀತವನ್ನು ಇಷ್ಟ’ ಅನ್ನುವುದಿಲ್ಲ. ಅಲ್ಲಿ ‘ಅನ್ನು’ ಬರುವುದಿಲ್ಲ ಅಂದರೆ ಇಲ್ಲಿ ‘ಒ’ ಬರುವುದಿಲ್ಲ: ‘ವತಶಿ ವ ಒಂಗಕು ಗ ಸುಕಿ ದೆಸ್.’

‘ಸಂಗೀತವನ್ನು ಕೇಳುತ್ತೇನೆ’ ಅನ್ನುವಾಗ ‘ಅನ್ನು’ ಇದೆ. ಆದ್ದರಿಂದ ‘ಒಂಗಕು ಒ ಕಿಕಿಮಸ್.’ ‘ನನಗೆ ಗಿಟಾರ್ ನುಡಿಸೋಕೆ ಬರುತ್ತೆ’ ಅನ್ನುವುದೂ ‘ನನಗೆ’ ವಾಕ್ಯವೇ. ಹಾಗಾಗಿ ‘ಗಿತಾ ಗ ಹಿಕೆಮಸ್.’ ಎಲ್ಲ ಕಡೆಯೂ ಈ ಲೆಕ್ಕ ನಡೆಯುತ್ತದೆ ಅನ್ನಲಾರೆ. ಇಷ್ಟ, ಬರುತ್ತೆ, ಬೇಕು ಅನ್ನುವ ಮಾತುಗಳಿಗೆ ಚೆನ್ನಾಗಿ ಹೊಂದುತ್ತದೆ.

ಗಿಟಾರ್‌ಗೆ ಒಂದು ಕ್ರಿಯಾಪದ, ಕೊಳಲಿಗೆ ಇನ್ನೊಂದು, ಡ್ರಮ್ಸ್‌ಗೆ ಮತ್ತೊಂದು. ಇಷ್ಟೆಲ್ಲಾ ಯಾಕೆ? ಹೇಗೆ ನೆನಪಿಟ್ಕೊಳ್ಳೋದು?

ಈ ಪ್ರಶ್ನೆ ಬಂದಾಗ ನಾನು ವಾಪಸ್ ಕೇಳುತ್ತೇನೆ: ನೀವು ಮೃದಂಗ ಊದುತ್ತೀರಾ? ಕೊಳಲು ಬಾರಿಸುತ್ತೀರಾ? ಕನ್ನಡದಲ್ಲೂ ವೀಣೆ ಮೀಟುತ್ತೇವೆ, ಕೊಳಲು ಊದುತ್ತೇವೆ, ತಮಟೆ ಬಾರಿಸುತ್ತೇವೆ. ಕೈ ಏನು ಮಾಡುತ್ತದೆ, ಉಸಿರು ಏನು ಮಾಡುತ್ತದೆ ಅನ್ನುವುದನ್ನು ಕ್ರಿಯಾಪದವೇ ಹೇಳುತ್ತದೆ. ಜಪಾನೀಸ್ ಮಾಡುವುದೂ ಅದನ್ನೇ.

ತಂತಿ ಇದ್ದರೆ, ಅಥವಾ ಕೀಗಳನ್ನು ಒತ್ತಿ ನುಡಿಸುವುದಾದರೆ ಹಿಕು. ಗಿಟಾರ್, ಪಿಟೀಲು, ಜಪಾನಿನ ತಂತಿವಾದ್ಯಗಳಾದ ಕೊತೊ, ಶಮಿಸೆನ್, ಪಿಯಾನೊ ಎಲ್ಲ ಹಿಕು. ನಮ್ಮ ವೀಣೆ, ಹಾರ್ಮೋನಿಯಂ ಕೂಡ ಇದರಲ್ಲೇ ಸೇರುತ್ತವೆ. ಉಸಿರು ಬೇಕಾದರೆ ಫುಕು. ಬಿದಿರಿನ ಶಕುಹಚಿ, ಕೊಳಲು, ಟ್ರಂಪೆಟ್, ನಾದಸ್ವರ. ಇದೇ ಫುಕು ಗಾಳಿ ಬೀಸುವುದಕ್ಕೂ ಬರುತ್ತದೆ. ಹೊಡೆದು ನುಡಿಸುವುದಾದರೆ ತತಕು: ಡ್ರಮ್ಸ್, ತಬಲಾ, ಮೃದಂಗ. ಜಪಾನಿನ ತಯ್ಕೊ ಡೋಲಿಗೆ ತತಕು ಜೊತೆಗೆ ಉತ್ಸು ಅಂತಲೂ ಹೇಳುತ್ತಾರೆ. ಭುಜದ ಮೇಲಿಟ್ಟು ನುಡಿಸುವ ಚಿಕ್ಕ ತ್ಸುಜುಮಿಗೆ ಉತ್ಸು ಅನ್ನುವುದೇ ರೂಢಿ. ಗಂಟೆಗೆ ಸಾಮಾನ್ಯವಾಗಿ ನರಸು, ಅಂದರೆ ಸದ್ದು ಬರಿಸು.

ನೆನಪಿಡಲು ಒಂದೇ ಉಪಾಯ. ವಾದ್ಯದ ಹೆಸರನ್ನು ಒಂಟಿಯಾಗಿ ಬರೆದುಕೊಳ್ಳಬೇಡಿ. ‘ಪಿಯನೊ’ ಅಂತ ಬರೆಯುವ ಬದಲು ‘ಪಿಯನೊ ಒ ಹಿಕು’ ಅಂತ ಬರೆಯಿರಿ. ಬಾಯಲ್ಲಿ ಹೇಳುವಾಗ ಕೈಯನ್ನೂ ಆಡಿಸಿ. ಹಿಕು ಅನ್ನುವಾಗ ತಂತಿ ಮೀಟಿ, ತತಕು ಅನ್ನುವಾಗ ಮೇಜು ಕುಟ್ಟಿ. ತರಗತಿಯಲ್ಲಿ ಹೀಗೆ ಮಾಡಿಸಿದ ದಿನ ಕಲಿತದ್ದನ್ನು ಯಾರೂ ಮರೆತದ್ದು ನೋಡಿಲ್ಲ. ಯಾವ ಕ್ರಿಯಾಪದ ಅಂತ ಗೊತ್ತಾಗದಿದ್ದರೆ ‘ಎನ್ಸೋ ಸುರು’ ಅನ್ನಿ. ಎಲ್ಲ ವಾದ್ಯಕ್ಕೂ ನಡೆಯುತ್ತದೆ, ಸ್ವಲ್ಪ ಕಾರ್ಯಕ್ರಮದ ಭಾಷೆ ಅನ್ನಿಸುತ್ತದೆ ಅಷ್ಟೆ. ವಾದ್ಯಕ್ಕೆ ಒಟ್ಟು ಹೆಸರು ಗಕ್ಕಿ.

## ಸ್ವಲ್ಪ ಮಾತು ಬರುವವರಿಗೆ

ಬ್ಯಾಂಡ್, ಕನ್ಸರ್ಟ್ ಎಲ್ಲಾ ಇಂಗ್ಲಿಷ್ ಪದಗಳೇ ಅಲ್ವಾ? ಸುಮ್ನೆ ಜಪಾನಿ ಧಾಟಿಯಲ್ಲಿ ಹೇಳಿದ್ರೆ ಸಾಕಾ?

ಅರ್ಧ ಸಾಕು. ದೊರಮು, ಬೇಸು, ರಿಜುಮು ಇವೆಲ್ಲ ಕೇಳಿದ ಕೂಡಲೇ ತಿಳಿಯುತ್ತವೆ. ಆದರೆ ಕೆಲವು ಅಲ್ಲಿ ಹೋಗಿ ಬೇರೆ ಬಾಳು ಕಟ್ಟಿಕೊಂಡಿವೆ. ರಯ್ಬು ಅಂದರೆ ಕಲಾವಿದರು ಎದುರಿಗೇ ಹಾಡುವ ಕಾರ್ಯಕ್ರಮ. ರಯ್ಬು ಹಉಸು ಅಂದರೆ ಅಂಥ ಕಾರ್ಯಕ್ರಮ ನಡೆಯುವ ಚಿಕ್ಕ ಜಾಗ. ಹೆಚ್ಚಾಗಿ ಜನ ನಿಂತೇ ಕೇಳುತ್ತಾರೆ. ಒನ್ಸ್ ಮೋರ್ ಅಂತ ಕೂಗುವುದಕ್ಕೆ ಅಂಕೋರು, ಅದು ಫ್ರೆಂಚಿನಿಂದ ಬಂದದ್ದು. ಅನಿಮೆ, ಅಂದರೆ ಜಪಾನಿ ಕಾರ್ಟೂನ್ ಚಿತ್ರದ ಹಾಡಿಗೆ ಅನಿಸೊನ್.

ಪಲ್ಲವಿ, ಚರಣ ಅಂತೀವಲ್ಲ, ಅದಕ್ಕೆ ಅಲ್ಲಿ ಏನಂತಾರೆ?

ಈಗಿನ ಜಪಾನಿ ಹಾಡಿನ ಮುಖ್ಯ ಭಾಗಕ್ಕೆ ಸಬಿ ಅನ್ನುತ್ತಾರೆ. ಎಲ್ಲರೂ ದನಿಗೂಡಿಸುವ, ಮನೆಗೆ ಹೋದ ಮೇಲೂ ಗುನುಗುವ ಭಾಗ ಅದು. ಅದಕ್ಕೆ ಮೊದಲು ಬರುವುದು ಎ-ಮೆರೊ, ಆಮೇಲೆ ಬಿ-ಮೆರೊ. ಮೆರೊ ಅನ್ನುವುದು ಮೆಲೊಡಿಯ ಮೊಟಕು ರೂಪ. ಶುರುವಿನ ವಾದ್ಯಭಾಗ ಇಂತೊರೊ, ನಡುವಿನದು ಕನ್ಸೋ.

ನಮ್ಮ ಹಾಡಿನಲ್ಲಿ ಪಲ್ಲವಿಯೇ ಬಾಗಿಲು, ಅಲ್ಲಿಂದಲೇ ಒಳಗೆ ಹೋಗುತ್ತೇವೆ. ಅಲ್ಲಿ ಸಬಿಗಾಗಿ ಕಾಯಬೇಕು. ಎ-ಮೆರೊದಲ್ಲಿ ಮೆಲ್ಲಗೆ ಕಥೆ ಶುರುವಾಗುತ್ತದೆ, ಬಿ-ಮೆರೊದಲ್ಲಿ ಮೆಟ್ಟಿಲು ಹತ್ತಿದ ಹಾಗೆ ಏರುತ್ತದೆ, ಆಮೇಲೆ ಸಬಿ ತೆರೆದುಕೊಳ್ಳುತ್ತದೆ. ಹೀಗಾಗಿ ಸಬಿಯನ್ನು ಪಲ್ಲವಿ ಅಂತ ಅನುವಾದ ಮಾಡಿ ಮರೆಯಬೇಡಿ, ಜಾಗ ಬೇರೆ. ಸಬಿಯಿಂದಲೇ ಶುರುವಾಗುವ ಹಾಡೂ ಇವೆ. ಅದಕ್ಕೆ ಅತಮ ಸಬಿ ಅನ್ನುತ್ತಾರೆ. ಅತಮ ಅಂದರೆ ತಲೆ.

ಎ-ಮೆರೊದಿಂದ ಸಬಿ ಮುಗಿಯುವ ತನಕ ಒಂದು ಸುತ್ತು. ಅದು ಇಚಿಬನ್, ಮುಂದಿನ ಸುತ್ತು ನಿಬನ್. ‘ಇಚಿಬನ್ ದಕೆ’ ಅಂದರೆ ಮೊದಲ ಸುತ್ತು ಮಾತ್ರ ಹಾಡುತ್ತೇನೆ ಅಂತ.

‘ತಕಯ್’ ಅಂದ್ರೆ ದುಬಾರಿ ಅಂತ ಕಲ್ತಿದ್ದೆ. ಒಬ್ಬರು ನನ್ನ ದನಿ ತಕಯ್ ಅಂದ್ರು. ಬೈದ್ರಾ, ಹೊಗಳಿದ್ರಾ?

ಎರಡೂ ಅಲ್ಲ, ದನಿ ಮೇಲಿನ ಸ್ಥಾಯಿಯಲ್ಲಿದೆ ಅಂದರು. ತಕಯ್ ಅಂದರೆ ಎತ್ತರ: ಬೆಟ್ಟವೂ ತಕಯ್, ಬೆಲೆಯೂ ತಕಯ್, ತಾರ ಸ್ಥಾಯಿಯೂ ತಕಯ್. ಕೆಳಗಿನ ದನಿ ಹಿಕುಯ್. ಜೋರು-ಮೆಲ್ಲಗೆ ಅನ್ನುವುದು ಬೇರೆ ಜೋಡಿ: ಓಕೀ, ಚೀಸಯ್. ಅಂದರೆ ದೊಡ್ಡದು, ಚಿಕ್ಕದು. ‘ದೊಡ್ಡ ದನಿಯಲ್ಲಿ ಕೂಗಿದ’ ಅನ್ನುತ್ತೇವಲ್ಲ, ಅದೇ ಓಕೀ ಕೊಎ.

ಕನ್ನಡದಲ್ಲಿ ‘ಸ್ವಲ್ಪ ಏರಿಸಿ’ ಅಂದರೆ ಶ್ರುತಿಯೋ ವಾಲ್ಯೂಮೋ ಅಂತ ಕೇಳಬೇಕಾಗುತ್ತದೆ. ಅಲ್ಲಿ ಎರಡೂ ಬೇರೆ ಬೇರೆ. ಶ್ರುತಿ ಏರಿಸಲು ‘ಕೀ ಒ ಅಗೆರು’, ಇಳಿಸಲು ‘ಕೀ ಒ ಸಗೆರು’. ಸದ್ದು ಜೋರು ಮಾಡಲು ‘ಒತೊ ಒ ಓಕಿಕು ಸುರು’.

ಹಾಡು ಚೆನ್ನಾಗಿದೆ ಅಂತ ಒಂದೇ ಮಾತು ಹೇಳಿ ಸುಮ್ಮನಾಗ್ಬಿಡ್ತೀನಿ. ಇನ್ನೂ ಏನು ಹೇಳಬಹುದು?

ಹಾಡು ನಿಮಗೆ ಏನು ಮಾಡಿತು ಅನ್ನುವುದನ್ನು ಹೇಳಿ. ಜಪಾನೀಸ್‌ನಲ್ಲಿ ಅದಕ್ಕೆ ಸಿರಿವಂತ ಪದಸಂಪತ್ತು ಇದೆ. ಮೈ ಜುಮ್ಮೆಂದರೆ ‘ತೊರಿಹದ ಗ ತತ್ತ’. ತೊರಿ ಹಕ್ಕಿ, ಹದ ಚರ್ಮ. ಪುಕ್ಕ ಕಿತ್ತ ಹಕ್ಕಿಯ ಮೈಯಂತೆ ಗುಳ್ಳೆ ಎದ್ದಿತು ಅಂತ. ಹಾಡು ಕಿವಿಯಲ್ಲೇ ಉಳಿದರೆ ‘ಮಿಮಿ ನಿ ನೊಕೊರು’. ಎದೆಗೆ ತಟ್ಟಿದರೆ ‘ಕೊಕೊರೊ ನಿ ಹಿಬಿಕು’. ಹಿಬಿಕು ಅಂದರೆ ಮಾರ್ದನಿಸು. ಒಂದು ಹಾಡಿನ ಗುಂಗು ಹಿಡಿದು ದಿನವಿಡೀ ಅದನ್ನೇ ಕೇಳುತ್ತಿದ್ದರೆ ‘ಹಮತ್ತ’. ಕುಣಿಯುವಂತೆ ಮಾಡುವ ಹಾಡಿಗೆ ‘ನೊರಿ ಗ ಈ’.

ಎರಡು ಪದಗಳ ಮೇಲೆ ನನಗೆ ವಿಶೇಷ ಪ್ರೀತಿ. ಒಂದು ನತ್ಸುಕಶೀ. ಬಾಲ್ಯದಲ್ಲಿ ರೇಡಿಯೊದಲ್ಲಿ ಕೇಳಿದ ಹಾಡು ಇದ್ದಕ್ಕಿದ್ದಂತೆ ಬಸ್ಸಿನಲ್ಲಿ ಕಿವಿಗೆ ಬಿದ್ದರೆ, ಆಗ ಬಾಯಿಂದ ಬರುವ ಉದ್ಗಾರ ಅದು. ಇನ್ನೊಂದು ಸೆತ್ಸುನಯ್. ದುಃಖ ಅನ್ನಲಾಗದು, ಎದೆ ಹಿಂಡಿದ ಹಾಗೆ, ಆದರೂ ಮತ್ತೆ ಕೇಳಬೇಕು ಅನ್ನಿಸುವಂಥದ್ದು. ಭಾವಗೀತೆ ಕೇಳಿ ಬೆಳೆದವರಿಗೆ ಆ ಸಂಕಟ ಗೊತ್ತು.

ಆಫೀಸಿನ ಜಪಾನಿಯವರು ಕರೋಕೆಗೆ ಕರೆದಿದ್ದಾರೆ. ಯಾವ ಮಾತು ಗೊತ್ತಿದ್ರೆ ಸಾಕು?

ಬಿಡದಿ, ನರಸಾಪುರದ ಕಡೆ ಜಪಾನಿ ಕಂಪನಿಗಳಲ್ಲಿ ಕೆಲಸ ಮಾಡುವವರು, ಕೆಲಸದ ಮೇಲೆ ಜಪಾನಿಗೆ ಹೋದವರು ಜಾಸ್ತಿ ಕೇಳುವ ಪ್ರಶ್ನೆ ಇದು. ಮೊದಲು ಪದವನ್ನೇ ನೋಡೋಣ. ಅಲ್ಲಿ ಅದನ್ನು ಕರಒಕೆ ಅನ್ನುತ್ತಾರೆ. ಕರ ಅಂದರೆ ಖಾಲಿ, ಒಕೆ ಅಂದರೆ ಓಕೆಸುತೊರ, ಅಂದರೆ ಆರ್ಕೆಸ್ಟ್ರಾದ ಮೊಟಕು. ಹಾಡುವವರಿಲ್ಲದ ವಾದ್ಯಮೇಳ. ಕೋಬೆಯಲ್ಲಿ ವಾದ್ಯ ನುಡಿಸುತ್ತಿದ್ದ ದಯ್ಸುಕೆ ಇನೊಉಎ 1971ರಲ್ಲಿ ಇದಕ್ಕೊಂದು ಯಂತ್ರ ಕಟ್ಟಿದರು.

ಒಳಗೆ ಹೋದರೆ ಚಿಕ್ಕ ಕೋಣೆ. ಮೇಜಿನ ಮೇಲೆ ಎರಡು ಮಯ್ಕು ಮತ್ತು ಹಾಡು ಆರಿಸುವ ಒಂದು ಹಲಗೆ. ಅದಕ್ಕೆ ದೆನ್ಮೊಕು ಅನ್ನುತ್ತಾರೆ. ಅದು ಕೈಯಿಂದ ಕೈಗೆ ದಾಟುತ್ತಾ ನಿಮ್ಮ ಹತ್ತಿರ ಬರುತ್ತದೆ. ‘ನನಿ ಉತಇಮಸ್ ಕ?’ ಏನು ಹಾಡುತ್ತೀರಿ? ಸಂಕೋಚ ಆದರೆ ‘ಒಸಕಿ ನಿ ದೋಜೊ’ ಅನ್ನಿ, ನೀವು ಮೊದಲು ಹಾಡಿ ಅಂತ. ಒಬ್ಬರೇ ಹಾಡಲು ಭಯವಾದರೆ ‘ಇಶ್ಶೊ ನಿ ಉತಇಮಶೋ’, ಒಟ್ಟಿಗೆ ಹಾಡೋಣ. ಪರದೆಯ ಮೇಲೆ ಸಾಹಿತ್ಯ ಬರುತ್ತದೆ, ಕಂಜಿಯ ನೆತ್ತಿಯ ಮೇಲೆ ಸಣ್ಣ ಅಕ್ಷರದಲ್ಲಿ ಅದರ ಉಚ್ಚಾರ ಇರುತ್ತದೆ, ಹಾಡಬೇಕಾದ ಅಕ್ಷರದ ಬಣ್ಣ ಬದಲಾಗುತ್ತಾ ಹೋಗುತ್ತದೆ. ಹಿರಗನ ಬಂದರೆ ಹಾಡಬಹುದು.

ಯಾರಾದರೂ ‘ಉತ ಗ ಒಜೋಜು ದೆಸ್ ನೆ’ ಅಂದರೆ ಚೆನ್ನಾಗಿ ಹಾಡುತ್ತೀರಿ ಅಂತ. ‘ಈಎ, ಮದಮದ ದೆಸ್’ ಅನ್ನಿ, ಇನ್ನೂ ಕಲಿಯುವುದಿದೆ ಅಂತ. ಜೋಜು ಅನ್ನುವ ಪದವನ್ನು ನಿಮ್ಮ ಬಗ್ಗೆ ನೀವೇ ಹೇಳಿಕೊಳ್ಳಬೇಡಿ. ಚೆನ್ನಾಗಿ ಬರುತ್ತದೆ ಅನ್ನಬೇಕಿದ್ದರೆ ತೊಕುಯ್ ಅನ್ನುವ ಪದ ಇದೆ. ನಿಮ್ಮ ಖಾಯಂ ಹಾಡಿಗೆ ಒಹಕೊ. ಇದನ್ನು ಬರೆಯುವುದು ‘ಹದಿನೆಂಟನೆಯದು’ ಅಂತ. ಕಬುಕಿ ನಾಟಕದ ಒಂದು ಮನೆತನ 19ನೇ ಶತಮಾನದಲ್ಲಿ ತನ್ನ ಹೆಮ್ಮೆಯ 18 ನಾಟಕಗಳನ್ನು ಆರಿಸಿದ್ದಕ್ಕೆ ಆ ಬರಹ ಅಂಟಿಕೊಂಡಿತು. ಸಮಯ ಮುಗಿಯುವ ಹತ್ತು ನಿಮಿಷ ಮುಂಚೆ ಗೋಡೆಯ ಫೋನು ಹೊಡೆದುಕೊಳ್ಳುತ್ತದೆ. ಅವರು ಕೇಳುವುದು ‘ಎಂಚೋ’, ಅಂದರೆ ಸಮಯ ಮುಂದುವರಿಸಬೇಕಾ ಅಂತ.

## ಆಳಕ್ಕೆ ಇಳಿಯುವವರಿಗೆ

ಹಾಡಿನ ಸಾಹಿತ್ಯ ಬಾಯಿಪಾಠ ಮಾಡಿ ಮಾತು ಕಲಿಯಬಹುದಾ?

ಪದ ಕಲಿಯಬಹುದು, ಉಚ್ಚಾರವನ್ನಂತೂ ಖಂಡಿತ ಕಲಿಯಬಹುದು. ಮಾತ್ರೆ ಎಣಿಸುವುದು ನಮಗೆ ಹಳೆಗನ್ನಡ ಪಾಠದಲ್ಲೇ ಅಭ್ಯಾಸ. ಜಪಾನೀಸ್ ನಿಂತಿರುವುದೂ ಮಾತ್ರೆಯ ಮೇಲೆ. ತಾಳದ ಪೆಟ್ಟಿಗೂ ಮಾತಿನ ಮಾತ್ರೆಗೂ ಅವರು ಹಕು ಎಂಬ ಒಂದೇ ಪದ ಬಳಸುತ್ತಾರೆ. ‘ಒಂಗಕು’ ನಾಲ್ಕು ಹಕು: ಒ, ನ್, ಗ, ಕು. ಹಾಡಿನಲ್ಲಿ ಆ ‘ನ್’ಗೂ ಒಂದು ಸ್ವರ ಸಿಗುವುದನ್ನು ಗಮನಿಸಿ ಕೇಳಿ.

ಆದರೆ ಹಾಡಿನ ‘ನೀನು’ವನ್ನು ಮಾತಿಗೆ ತರಬೇಡಿ. ಹಾಡಿನಲ್ಲಿ ಕಿಮಿ ಅನ್ನುವುದು ಪ್ರೀತಿಯ ಏಕವಚನ. ಮ್ಯಾನೇಜರಿಗೆ ಕಿಮಿ ಅಂದರೆ ಹಿರಿಯರನ್ನು ‘ಏನಯ್ಯಾ’ ಅಂದ ಹಾಗೆ. ಹೆಸರಿನ ಕೊನೆಗೆ ‘ಸನ್’ ಸೇರಿಸಿ ಕರೆಯಿರಿ. ಗಂಡಸರು ಹೇಳಿಕೊಳ್ಳುವ ‘ಬೊಕು’ ಅನ್ನುವ ‘ನಾನು’ವನ್ನು ಹಾಡಿನಲ್ಲಿ ಹೆಂಗಸರೂ ಹಾಡುತ್ತಾರೆ. ಮಾತಿನಲ್ಲಿ ಅದು ಅಪರೂಪ.

ಇನ್ನೊಂದು ಸೊಗಸು ಕಣ್ಣಿಗೆ ಮಾತ್ರ ಕಾಣುವಂಥದ್ದು. ಕಂಜಿ ಒಂದು ಅರ್ಥ ಹೇಳುತ್ತದೆ, ಹಾಡುವ ಬಾಯಿ ಇನ್ನೊಂದು ಪದ ಹೇಳುತ್ತದೆ. ‘ಕಾರಣ’ ಎಂಬ ಅರ್ಥದ ರಿಯೂ ಅಂತ ಬರೆದು ‘ವಕೆ’ ಅಂತ ಹಾಡುತ್ತಾರೆ. ‘ಬ್ರಹ್ಮಾಂಡ’ ಅಂತ ಬರೆದು ‘ಸೊರ’, ಅಂದರೆ ಆಕಾಶ, ಅಂತ ಹಾಡುತ್ತಾರೆ. ಕೇಳುವವರಿಗೆ ಸಿಗುವುದು ಆಕಾಶ, ಓದುವವರಿಗೆ ಎರಡೂ. ನಿಘಂಟಿನಲ್ಲಿ ಆ ಉಚ್ಚಾರ ಸಿಗದಿದ್ದರೆ ಗಾಬರಿ ಬೇಡ, ತಪ್ಪು ನಿಮ್ಮದಲ್ಲ.

ಸರಿಗಮಪದನಿ ಇದ್ದ ಹಾಗೆ ಅಲ್ಲಿ ಏನಿದೆ?

ಶಾಲೆಯಲ್ಲಿ ದೊ ರೆ ಮಿ ಕಲಿಯುತ್ತಾರೆ. ಆದರೆ ಶ್ರುತಿಯ ಹೆಸರು ಹೇಳುವಾಗ ಹ ನಿ ಹೊ ಹೆ ತೊ ಇ ರೊ ಅನ್ನುತ್ತಾರೆ. ಇದು ‘ಇರೊಹ’ ಎಂಬ ಹಳೆಯ ಪದ್ಯದ ಮೊದಲ ಅಕ್ಷರಗಳ ಸಾಲು. ಹೂವಿನ ಬಣ್ಣ ಕಳೆದುಹೋಗುವಂತೆ ಬಾಳೂ ಅನಿತ್ಯ ಅನ್ನುವ ಆ ಪದ್ಯದಲ್ಲಿ ಉಚ್ಚಾರ ಬರೆಯುವ ಪ್ರತಿ ಕನ ಅಕ್ಷರ ಒಂದೇ ಸಲ ಬರುತ್ತದೆ. ಪಾಶ್ಚಾತ್ಯ ಸಂಗೀತದ ಎ ಸ್ವರಕ್ಕೆ ಇ, ಬಿಗೆ ರೊ, ಸಿಗೆ ಹ. ಹಾಗಾಗಿ ಸಿ ಮೇಜರ್‌ಗೆ ‘ಹ ಚೋಚೋ’, ಎ ಮೈನರ್‌ಗೆ ‘ಇ ತಂಚೋ’.

ನಮ್ಮ ಷಡ್ಜದ ಬಗ್ಗೆ ಹೇಳುವಾಗ ಒಂದು ಮಾತು ಸೇರಿಸಿ. ಶ್ರುತಿ ಪೆಟ್ಟಿಗೆಯಲ್ಲಿ ಎಲ್ಲಿಟ್ಟುಕೊಂಡರೂ ಅದೇ ನಮ್ಮ ಸ. ಚಿಕ್ಕಂದಿನಿಂದ ಪಿಯಾನೊ ಕಲಿತ ಅನೇಕರಿಗೆ ದೊ ಜಾಗ ಬಿಟ್ಟು ಕದಲುವುದಿಲ್ಲ. ‘ಇದೋ ದೊ’, ಅಂದರೆ ಕದಲುವ ದೊ, ಅಂದರೆ ಅವರಿಗೆ ಹೊಳೆಯುತ್ತದೆ.

ನಾನು ಕರ್ನಾಟಕ ಸಂಗೀತ ಕಲಿತವಳು. ರಾಗ, ತಾಳ, ಗಮಕ ಇವನ್ನೆಲ್ಲ ಜಪಾನಿಯರಿಗೆ ಹೇಗೆ ವಿವರಿಸಲಿ?

ಮೊದಲ ವಾಕ್ಯ: ‘ಮಿನಮಿ ಇಂದೊ ನೊ ಕೊತೆನ್ ಒಂಗಕು ದೆಸ್.’ ದಕ್ಷಿಣ ಭಾರತದ ಶಾಸ್ತ್ರೀಯ ಸಂಗೀತ. ತಾಳಕ್ಕೆ ಹ್ಯೋಶಿ ಹತ್ತಿರದ ಪದ. ರಾಗವನ್ನು ಅನುವಾದ ಮಾಡಬೇಡಿ, ರಾಗ ಅಂತಲೇ ಹೇಳಿ. ‘ರಾಗ ವ ಒಂಕಯ್ ದಕೆ ದೆ ವ ಅರಿಮಸೆನ್’, ಬರೀ ಆರೋಹಣ ಅವರೋಹಣವಲ್ಲ, ಅಂತ ಸೇರಿಸಿ, ಮೋಹನ ಹಾಡಿ ತೋರಿಸಿ.

ಗಮಕಕ್ಕೆ ಎಂಕ ಎಂಬ ಹಾಡಿನ ಪ್ರಕಾರ ನೆರವಿಗೆ ಬರುತ್ತದೆ. ಅದರಲ್ಲಿ ದನಿಯನ್ನು ತಿರುಗಿಸಿ ನಡುಗಿಸುವ ಅಲಂಕಾರಕ್ಕೆ ಕೊಬುಶಿ ಅನ್ನುತ್ತಾರೆ. ಗಮಕ ಕೊಬುಶಿಯಷ್ಟೇ ಅಲ್ಲ, ಆದರೆ ಆ ಪದ ಹೇಳಿದ ಕೂಡಲೇ ಎದುರಿಗಿದ್ದವರ ಮುಖ ಅರಳುತ್ತದೆ. ತಾಳದ ಸೊಲ್ಲುಗಳನ್ನು ಬಾಯಲ್ಲೇ ಹೇಳುವ ಕೊನ್ನಕ್ಕೋಲಿಗೆ ಇನ್ನೂ ಹತ್ತಿರದ್ದು ಸಿಗುತ್ತದೆ: ಕುಚಿಶೋಗ. ಕುಚಿ ಅಂದರೆ ಬಾಯಿ. ತಯ್ಕೊ ಕಲಿಯುವವರು ಕೋಲು ಹಿಡಿಯುವ ಮುಂಚೆ ಬಾಯಲ್ಲಿ ಹೇಳುತ್ತಾರೆ. ಚರ್ಮದ ಮೇಲಿನ ಪೆಟ್ಟು ದೊನ್, ಅಂಚಿನ ಪೆಟ್ಟು ಕ. ಶಮಿಸೆನ್‌ಗೆ ಚಿನ್ ತೊನ್ ಶನ್. ನೀವು ‘ತಕಧಿಮಿ’ ಹೇಳಿ, ಅವರು ‘ದೊನ್ ದೊನ್ ಕ’ ಹೇಳಲಿ. ಆಮೇಲೆ ವ್ಯಾಕರಣ ಬೇಕಾಗುವುದಿಲ್ಲ.

ವೀಣೆಯ ಮಾತು ಬಂದರೆ ಬೆನ್ಜಯ್ತೆನ್ ಹೆಸರು ಹೇಳಿ. ಬೌದ್ಧ ಗ್ರಂಥಗಳ ದಾರಿಯಲ್ಲಿ ಜಪಾನಿಗೆ ಹೋದ ನಮ್ಮ ಸರಸ್ವತಿಯೇ ಆಕೆ. ಅಲ್ಲಿ ಆಕೆಯ ಕೈಯಲ್ಲಿ ಇರುವುದು ಬಿವ ಎಂಬ ತಂತಿವಾದ್ಯ. ಆಕೆಯ ಹೆಸರಾಂತ ಮೂರು ನೆಲೆಗಳಲ್ಲಿ ಒಂದು ಚಿಕುಬು ದ್ವೀಪ. ಆ ದ್ವೀಪ ಇರುವ ಸರೋವರದ ಹೆಸರು ಬಿವಕೊ, ಬಿವದ ಸರೋವರ.

ಜೆಎಲ್‌ಪಿಟಿ ಬರೀತಿದ್ದೀನಿ. ಈ ಪದಗಳು ಪರೀಕ್ಷೆಗೆ ಬರ್ತಾವಾ?

ಉತ, ಉತಉ, ಒಂಗಕು, ಕಿಕು, ಹಿಕು, ಗಿತಾ ಇವು ಈ ಜಪಾನೀಸ್ ಭಾಷಾ ಪರೀಕ್ಷೆಯ ಎಲ್ಲಕ್ಕಿಂತ ಸುಲಭದ ಎನ್5 ಮಟ್ಟದಲ್ಲೇ ಬೇಕಾಗುತ್ತವೆ. ಸಬಿ, ಕೊಬುಶಿ ಅಂಥವು ಪರೀಕ್ಷೆಗಲ್ಲ, ಸ್ನೇಹಕ್ಕೆ. 2010ರ ನಂತರ ಪರೀಕ್ಷೆಯವರು ಅಧಿಕೃತ ಪದಪಟ್ಟಿ ಹೊರತಂದಿಲ್ಲ.

ಈ ಪದಗಳು ಸಂಗೀತದ ಹೊರಗೂ ಉಪಯೋಗಕ್ಕೆ ಬರ್ತಾವಾ?

ತುಂಬಾ. ಚೋಶಿ ಅಂದರೆ ಶ್ರುತಿ, ವಾದ್ಯದ ಹೊಂದಿಕೆ. ‘ಚೋಶಿ ವ ದೋ?’ ಅಂದರೆ ಹೇಗಿದ್ದೀರಿ, ಎಲ್ಲ ಸರಿಯಾಗಿ ನಡೆಯುತ್ತಿದೆಯಾ ಅಂತ. ಯಂತ್ರ ಕೈಕೊಟ್ಟರೂ ಹೊಟ್ಟೆ ಕೆಟ್ಟರೂ ‘ಚೋಶಿ ಗ ವರುಯ್’. ಶ್ರುತಿ ತಪ್ಪಿ ಹಾಡುವವರು ಒಂಚಿ, ದಾರಿ ತಪ್ಪುವವರು ಹೋಕೋ-ಒಂಚಿ, ಅಂದರೆ ದಿಕ್ಕಿನ ಒಂಚಿ. ಬೇಕಾದ ಮೂರು ಗುಣವೂ ಕೂಡಿಬಂದರೆ ‘ಸನ್ಬ್ಯೋಶಿ ಸೊರೊಉ’, ಮೂರು ತಾಳ ಒಟ್ಟಿಗೆ ಬಿತ್ತು ಅಂತ. ಊಟ ರುಚಿಯಾಗಿ ನಾಲಗೆ ಚಪ್ಪರಿಸಿದರೆ ‘ಶಿತತ್ಸುಜುಮಿ ಒ ಉತ್ಸು’, ನಾಲಗೆಯ ತ್ಸುಜುಮಿ ಬಾರಿಸು.

ಕೊನೆಯದನ್ನು ಕಳೆದ ವರ್ಷ ಒಬ್ಬ ವಿದ್ಯಾರ್ಥಿನಿ ಓದಿಕೊಂಡು ಬಂದು, ಅರ್ಥ ಹೇಳಿ ಅಂತ ಕೇಳಿದಳು: ‘ಕಿನ್ಸೆನ್ ನಿ ಫುರೆರು’. ಕಿನ್ಸೆನ್ ಅಂದರೆ ಕೊತೊ ವಾದ್ಯದ ತಂತಿ, ಫುರೆರು ಅಂದರೆ ಮುಟ್ಟು. ಬಿಡಿಸಿ ಹೇಳಿದೆ, ಅಷ್ಟೇ. ಅರ್ಥವನ್ನು ಅವಳೇ ಹೇಳಿದಳು: “ಓ, ಹೃದಯದ ತಂತಿ ಮೀಟಿದ ಹಾಗೆ!”